ಕಡೇ ಓವರಿನ ಕಾಕಾ

ಟಿವಿಯಲ್ಲಿ ಆಟ ಕೊನೆಯ ಓವರಿಗೆ ಬಂತೆಂದರೆ ನಾನು ಎದ್ದು ಅಡುಗೆಮನೆಗೆ ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಅಜ್ಜಿಗೆ ಬಿ.ಪಿ. ಏರುತ್ತದೆ ಎಂದು ನಗುತ್ತೀರಿ, ನಾನೂ ನಕ್ಕು ಸುಮ್ಮನಾಗುತ್ತೇನೆ. ಕಾರಣ ಬೇರೆ ಇದೆ. ಅದನ್ನು ನಿಮ್ಮ ತಾತನಿಗೂ ಹೇಳಲಿಲ್ಲ. ಅವರು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ, ಈಗ ಅವರೂ ಇಲ್ಲ. ನಾಲ್ಕು ಜನರ ಎದುರು ಬಾಯಿಬಿಟ್ಟು ಮಾತಾಡುವುದು ನನಗೆ ಯಾವತ್ತೂ ಬರಲಿಲ್ಲ. ಊರ ಸಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತ ಅಕ್ಷರ ಮಾತ್ರ ಕೈಯಲ್ಲಿದೆ. ಅದರಲ್ಲೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಕುರುಗೋಡಿನಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೀದಿ ಬಾಗಿಲು ದಾಟಿದ ಕೂಡಲೇ ಎತ್ತು ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಎಡಕ್ಕೆ ಅಡುಗೆಮನೆ, ಬಲಕ್ಕೆ ಜೋಳದ ಚೀಲಗಳನ್ನು ಒಟ್ಟಿದ ಕೋಣೆ. ಬೇಸಿಗೆಯಲ್ಲಿ ಊರ ಸುತ್ತಲಿನ ಬಂಡೆಗುಡ್ಡಗಳು ಕಾದು ಮಧ್ಯಾಹ್ನದ ಹೊತ್ತು ಬೀದಿಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ, ಆದರೆ ಪಡಸಾಲೆಯ ನೆಲಕ್ಕೆ ಬೆನ್ನು ಕೊಟ್ಟರೆ ತಣ್ಣಗೆ ಹತ್ತುತ್ತಿತ್ತು. ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ. ಆ ಬೆಳಕು ನೆಲದ ಮೇಲೆ ಒಂದು ಮೊರದಷ್ಟು ಅಗಲ ಬೀಳುತ್ತಿತ್ತು. ನನ್ನ ಅಜ್ಜಿ ಅದರಲ್ಲಿ ಕೂತು ಅಕ್ಕಿ ಆರಿಸುತ್ತಾ, ಬೆಳಕು ಸರಿದಂತೆ ತಾನೂ ಸರಿಯುತ್ತಿದ್ದಳು. ಮನೆಯಲ್ಲಿ ಇದ್ದವರು ಐದೇ ಜನ: ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು, ಮತ್ತು ಅಪ್ಪನ ತಮ್ಮ ಪಂಪಾಪತಿ ಕಾಕಾ. ಚೀಲಗಳ ಕೋಣೆಯ ಹಿಂದೆ, ಹಿತ್ತಲಿಗೆ ಬಾಗಿಲಿದ್ದ ಸಣ್ಣ ಕೋಣೆ ಅವನದು.

ಕಾಕಾ ಬಳ್ಳಾರಿಯ ಒಂದು ಹತ್ತಿ ಮಿಲ್ಲಿನಲ್ಲಿ ತೂಕ ಹಾಕುವ ಕೆಲಸಕ್ಕಿದ್ದ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದ, ತಲೆಗೂದಲ ತುಂಬ ಹತ್ತಿಯ ಎಳೆ. ನಿಜ ಹೇಳಬೇಕೆಂದರೆ ಅವನನ್ನು ಕೆಲಸಕ್ಕೆ ಇಟ್ಟುಕೊಂಡದ್ದು ತೂಕಕ್ಕಲ್ಲ. ಮಿಲ್ಲಿನ ಸಾಹುಕಾರರಿಗೆ ಕ್ರಿಕೆಟ್ಟಿನ ಹುಚ್ಚು, ಅವರದೇ ಒಂದು ತಂಡ ಇತ್ತು. ಕಾಕಾ ಅದರಲ್ಲಿ ಬೌಲರು. ಅವನು ತಂಡಕ್ಕೆ ಸೇರಿದ ಹೊಸದರಲ್ಲಿ ಒಂದು ಆಟದ ಕೊನೆಗೆ ಮುಖ್ಯ ಬೌಲರು ಕಾಲಿಗೆ ಸೆಳೆತ ಬಂದು ಕೂತುಬಿಟ್ಟನಂತೆ. ಒಂದೇ ಓವರು ಉಳಿದಿತ್ತು, ಎದುರಿನವರಿಗೆ ಬೇಕಾದದ್ದು ನಾಲ್ಕೇ ರನ್ನು. ಬೇರೆ ಗತಿಯಿಲ್ಲದೆ ಚೆಂಡನ್ನು ಕಾಕಾನ ಕೈಗೆ ಕೊಟ್ಟರು. ಅವನು ಆರೂ ಚೆಂಡನ್ನು ಆಡುವವನ ಕಾಲಿನ ಹೆಬ್ಬೆರಳ ಬುಡಕ್ಕೇ ಹಾಕಿ ಒಂದು ರನ್ನೂ ಕೊಡಲಿಲ್ಲ. ಅಂದಿನಿಂದ ಅವನು ಕಡೇ ಓವರಿನವನಾದ. ಆಟವೆಲ್ಲ ಬೌಂಡರಿ ಹತ್ತಿರ ನಿಂತಿರುವುದು, ಎಲ್ಲರ ಕೈಸೋತ ಮೇಲೆ ಬರುವುದು. ಕಾಕಾ ಶರಟಿನ ತೋಳು ಮಡಚಿದನೆಂದರೆ ಬಳ್ಳಾರಿ ಕೋಟೆಗುಡ್ಡದ ಕೆಳಗಿನ ಮೈದಾನದಲ್ಲಿ ಚಹಾ ಮಾರುವವರೂ ಕಿತ್ತಲಿ ಕೆಳಗಿಟ್ಟು ನೋಡುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದ. ಆದರೆ ಕಾಕಾನಿಗೆ ಒಳಗೊಳಗೇ ಒಂದು ಆಸೆ ಇತ್ತು. ಒಂದು ಸಲವಾದರೂ ಆಟದ ಮೊದಲ ಚೆಂಡು, ಕೆಂಪು ಬಣ್ಣ ಇನ್ನೂ ಹೊಳೆಯುವ ಹೊಸ ಚೆಂಡು, ತನ್ನ ಕೈಗೆ ಬರಬೇಕು ಎಂದು. ಯಾವ ನಾಯಕನೂ ಕೊಡಲಿಲ್ಲ. ಕೊನೆಗೆ ಬೇಕಾದವನನ್ನು ಮೊದಲೇ ಯಾರು ದಣಿಸುತ್ತಾರೆ?

ಹಿತ್ತಲಲ್ಲಿ ಕಲ್ಲಿನ ಗೋಡೆಯ ಬುಡಕ್ಕೆ ಅವ್ವ ಸಗಣಿ ತಟ್ಟಿ ಒಣಗಿಸಿದ ಕುಳ್ಳೊಂದನ್ನು ನಿಲ್ಲಿಸಿ, ಬಾವಿಯ ಕಡೆಯಿಂದ ಓಡಿ ಬಂದು ಅದಕ್ಕೇ ಗುರಿಯಿಟ್ಟು ಎಸೆಯುವುದು ಅವನ ದಿನದ ಅಭ್ಯಾಸ. ಚೆಂಡು ಹೆಕ್ಕಿ ತಂದು ಕೊಡುವವಳು ನಾನು. ಕುಳ್ಳು ಒಡೆದ ಸದ್ದು ಕೇಳಿದ ಕೂಡಲೇ ಅಡುಗೆಮನೆಯ ಕಿಂಡಿಯಿಂದ ಅವ್ವನ ಧ್ವನಿ ಬರುತ್ತಿತ್ತು.

“ಪಂಪಣ್ಣಾ, ನಿನ್ನ ಆಟಕ್ಕ ನನ್ನ ಕುಳ್ಳೇ ಬೇಕೇನೋ? ಒಂದು ಕಲ್ಲು ಇಟ್ಕೊಂಡು ಹೊಡಿಯಾಕ ಏನು ರೋಗ?”

“ಕಲ್ಲಿಗೆ ಹೊಡದ್ರ ಚೆಂಡು ಹರೀತೈತಿ ಅತ್ತಿಗಿ. ಕುಳ್ಳಿಗೆ ಹೊಡದ್ರ ನೀ ಬೈತಿ, ಅಷ್ಟ ಅಲ್ಲೇನು?”

“ಹಂಗಾರ ನಾಳಿ ರೊಟ್ಟಿನ ಆ ಚೆಂಡಿನ ಮ್ಯಾಲ ಸುಟ್ಕೊಂಡು ತಿನ್ನು.”

ಅಷ್ಟು ಬೈದವಳು ಸಂಜೆ ಅವನಿಗೆಂದೇ ಬಿಸಿ ರೊಟ್ಟಿ, ಪುಂಡಿಪಲ್ಯ ತೆಗೆದಿಟ್ಟಿರುತ್ತಿದ್ದಳು. ಭಾನುವಾರ ಆಟ ಮುಗಿಸಿ ಬಂದನೆಂದರೆ ಮಿರ್ಚಿ ಬಜ್ಜಿಯ ಪೊಟ್ಟಣ ತರುತ್ತಿದ್ದ. ಅವ್ವ ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕುತ್ತಿದ್ದಳು, ಐದು ಜನ ಪಡಸಾಲೆಯಲ್ಲಿ ಸುತ್ತ ಕೂತು ಒಂದೇ ಹರಿವಾಣದಿಂದ ತಿನ್ನುತ್ತಿದ್ದೆವು. ಆಮೇಲೆ ಕಾಕಾ ಅಂಗಿ ಕಳಚಿ ಕೂರುತ್ತಿದ್ದ. ಅವನ ಬಲತೋಳಿಗೆ ಔಡಲ ಎಣ್ಣೆ ತಿಕ್ಕಿ, ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಡುವುದು ನನ್ನ ಕೆಲಸ. ಎಂಟು ವರ್ಷದವಳಿದ್ದಾಗಲೇ ಶುರು ಮಾಡಿದ್ದೆ. ಅವನ ತೋಳಿನ ಪ್ರತಿ ಗಂಟೂ ನನ್ನ ಬೆರಳಿಗೆ ಗೊತ್ತಿತ್ತು. ಎಲ್ಲರೂ ಮಾತಾಡುತ್ತಿದ್ದರು, ನಾನು ತಿಕ್ಕುತ್ತಿದ್ದೆ. “ಈ ಹುಡುಗಿ ಬಾಯಾಗಿಂದ ಒಂದು ಮಾತು ತಗಿಯಾದು ಅಂದ್ರ ಬಾವ್ಯಾಗ ಬಿದ್ದ ಕೊಡ ತಗದಂಗ” ಎಂದು ಅಜ್ಜಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ನಾನು ಇನ್ನಷ್ಟು ಮುದುಡುತ್ತಿದ್ದೆ.

ಅಜ್ಜಿಯ ಇನ್ನೊಂದು ಕಟ್ಟಳೆಯನ್ನೂ ಇಲ್ಲಿ ಹೇಳಬೇಕು. ಹೊರಗೆ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಹೊಸ್ತಿಲು ದಾಟಿದವರನ್ನು ಹಿಂದಿನಿಂದ ಕೂಗಬಾರದು. ಹೊರಟವರು ತಾವಾಗಿ ತಿರುಗಿ ಬಂದರೆ ಸ್ವಲ್ಪ ಕೂತು, ನೀರು ಕುಡಿದು ಹೋಗಬೇಕು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ, ಆದರೆ ಅಜ್ಜಿ ಅದನ್ನು ಉಸಿರಾಡುವಷ್ಟು ಗಟ್ಟಿಯಾಗಿ ನಂಬಿದ್ದಳು. ಒಮ್ಮೆ ಅಪ್ಪ ಮೋಕ ಊರಿನ ಕಡೆ ಬೀಜ ತರಲು ಹೊರಟಾಗ, ಮರೆತ ಚೀಲ ಹಿಡಿದು ನಾನು “ಅಪ್ಪಾ” ಎಂದು ಬೀದಿಗೆ ಓಡಿದ್ದೆ. ಅವತ್ತು ಎತ್ತು ಎಡವಿ ಬಂಡಿಯ ಅಚ್ಚು ಮುರಿಯಿತು. ಅಪ್ಪನ ಮೊಣಕಾಲು ತರಚಿತ್ತು, ಅಷ್ಟೇ. ಆದರೆ ಅಜ್ಜಿ ಮೂರು ದಿನ ನನ್ನ ಮುಖ ನೋಡಿದಾಗಲೆಲ್ಲ “ಕೂಗಿದೆಲ್ಲ, ನೋಡು” ಎಂದಳು. ಆ ಮಾತು ನನ್ನೊಳಗೆ ಎಷ್ಟು ಆಳಕ್ಕೆ ಇಳಿಯಿತೆಂದು ಅವಳಿಗೂ ಗೊತ್ತಿರಲಿಕ್ಕಿಲ್ಲ.

ನನಗೆ ಹನ್ನೊಂದು ತುಂಬಿದ ವರ್ಷ ಕಾಕಾನ ತೋಳು ಬದಲಾಯಿತು. ಮೊದಲು ಎಣ್ಣೆ ತಿಕ್ಕುವಾಗ ಕಣ್ಣು ಮುಚ್ಚಿ ಹಾಯಾಗಿ ಕೂರುತ್ತಿದ್ದವನು ಈಗ ಹಲ್ಲು ಕಚ್ಚುತ್ತಿದ್ದ. ಗೂಟದ ಅಂಗಿಯನ್ನು ಎಡಗೈಯಿಂದ ತೆಗೆಯುತ್ತಿದ್ದ. ಅದೇ ಹೊತ್ತಿಗೆ ಮನೆಯಲ್ಲಿ ಎರಡು ಒಳ್ಳೆಯ ಸುದ್ದಿ ಒಟ್ಟಿಗೆ ಓಡಾಡುತ್ತಿದ್ದವು. ಬಳ್ಳಾರಿಯಲ್ಲಿ ನಡೆಯುವ ದೊಡ್ಡ ಪಂದ್ಯದಲ್ಲಿ ಮಿಲ್ಲಿನ ತಂಡ ಗೆದ್ದರೆ ಕಾಕಾನ ಕೆಲಸ ಕಾಯಂ ಮಾಡುತ್ತೇನೆಂದು ಸಾಹುಕಾರರು ಮಾತು ಕೊಟ್ಟಿದ್ದರು. ಕೆಲಸ ಕಾಯಂ ಆದರೆ ತಮ್ಮ ಹುಡುಗಿಯನ್ನು ಕೊಡುತ್ತೇವೆಂದು ಮೋಕದಲ್ಲಿ ಒಂದು ಮನೆಯವರು ಒಪ್ಪಿದ್ದರು. ಅವ್ವ ಆಗಲೇ ಚೀಲಗಳ ಕೋಣೆಯನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸುವ ಲೆಕ್ಕದಲ್ಲಿದ್ದಳು. ಗಂಡಹೆಂಡತಿಗೆ ಆ ಹಿಂದಿನ ಕೋಣೆ ಸಾಲದು ಎಂದು.

ಪಂದ್ಯಕ್ಕೆ ಎರಡು ವಾರ ಇರುವಾಗ ಕಾಕಾ “ಹೊಳಿ ನೋಡಿಕೊಂಡು ಬರಾನ ನಡಿ” ಎಂದು ನನ್ನನ್ನು ಸಿರುಗುಪ್ಪದ ಬಸ್ಸು ಹತ್ತಿಸಿದ. ಅಲ್ಲಿಂದ ಕೆಂಚನಗುಡ್ಡ. ತುಂಗಭದ್ರೆಯ ದಂಡೆಯಲ್ಲಿ ನನ್ನ ಕಾಲು ತೊಳೆಸಿ ನೇರ ಒಬ್ಬ ಮುದುಕನ ಮನೆಗೆ ಕರೆದೊಯ್ದ. ಅವನು ಎಲುಬು ಕೂಡಿಸುವವನು. ಕಾಕಾನ ಹೆಗಲಿಗೆ ಬೆರಳಿಟ್ಟು ಒತ್ತುತ್ತಾ ಬಂದವನು ಒಂದು ಕಡೆ ನಿಲ್ಲಿಸಿದ. ಅಲ್ಲೇ ನೋವಿರುವುದು ಎಂದು ನನಗೂ ಗೊತ್ತಿತ್ತು.

“ಎಷ್ಟು ದಿವ್ಸದಿಂದ ಐತಿ ಇದು?”

“ಎರಡು ತಿಂಗಳಾತು ನೋಡ್ರಿ.”

“ಸುಳ್ಳು ಹೇಳಬ್ಯಾಡ್ರಿ. ಇದು ವರ್ಷದ ನೋವು. ಒಳಗ ಹುರಿ ಬಿಚ್ಚಿದ ಹಗ್ಗದಂಗ ಆಗೈತಿ. ನಾಕು ತಿಂಗಳು ಈ ಕೈಲೆ ಒಂದು ಸಣ್ಣ ಕಲ್ಲೂ ಎಸೀಬ್ಯಾಡ್ರಿ. ಎಸದ್ರ, ಆಮ್ಯಾಲ ನನ್ನ ಹತ್ರ ಬರಬ್ಯಾಡ್ರಿ. ನನ್ನ ಕೈಲೆ ಏನೂ ಆಗಂಗಿಲ್ಲ.”

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ನನ್ನ ಕೈಗೆ ಬತ್ತಾಸಿನ ಪೊಟ್ಟಣ ಕೊಟ್ಟ. ತುಂಬ ಹೊತ್ತು ಕಿಟಕಿಯಾಚೆ ಭತ್ತದ ಗದ್ದೆಗಳನ್ನು ನೋಡುತ್ತಿದ್ದು ಆಮೇಲೆ ಅಂಗೈ ಚಾಚಿದ.

“ಗೌರಿ, ಇದು ನಮ್ಮಿಬ್ಬರಾಗ ಇರ್ಲಿ. ಆಟ ಮುಗದ ಮ್ಯಾಲ ನಾನ ನಿಮ್ಮಪ್ಪಗ ಹೇಳತೀನಿ. ಆಣಿ ಮಾಡು.”

ಅವನ ಅಂಗೈ ಮೇಲೆ ಕೈ ಇಟ್ಟೆ. ಮನೆಯಲ್ಲಿ ಯಾರೂ ನನ್ನ ಹತ್ತಿರ ಗುಟ್ಟು ಹೇಳಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗೆ ಹೆಮ್ಮೆಯೇ ಆಗಿತ್ತು. ಪಂದ್ಯಕ್ಕೆ ನಾಲ್ಕು ದಿನ ಇರುವಾಗ ರೊಟ್ಟಿ ತಟ್ಟುತ್ತಾ ಅವ್ವ ನೇರವಾಗಿ ಕೇಳಿದಳು.

“ಪಂಪಣ್ಣ ಎಡಗೈಲೆ ಕೊಡ ಎತ್ತಾಕ ಹತ್ತಿದ್ದ. ತೋಳು ಹೆಂಗೈತಿ? ನೀನ ಎಣ್ಣಿ ಹಚ್ಚಾಕಿ, ನಿನಗ ಗೊತ್ತಿರತೈತಿ.”

“ಚಲೋ ಐತವ್ವ” ಎಂದೆ. ಎರಡೇ ಶಬ್ದ. ಅವ್ವ ನಂಬಿದಳು. ನಾನು ಸುಳ್ಳು ಹೇಳುವವಳಲ್ಲ ಎಂದು ಅವಳಿಗೆ ಗೊತ್ತಿತ್ತು.

ಪಂದ್ಯದ ದಿನ ಬೆಳಗ್ಗೆ ಕಾಕಾ ಬಿಳಿ ಪ್ಯಾಂಟು, ಬಿಳಿ ಅಂಗಿ ತೊಟ್ಟು ಅಜ್ಜಿಯ ಕಾಲಿಗೆ ಬಿದ್ದು ಹೊರಟ. ಅಪ್ಪ ಪಡಸಾಲೆಯಲ್ಲಿ ರೊಟ್ಟಿ ತಿನ್ನುತ್ತಿದ್ದ, ಓಣಿಯವರ ಜೊತೆ ಮುಂದಿನ ಬಸ್ಸಿಗೆ ಹೋಗುವವನಿದ್ದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕಾಕಾ ಹೋಗಿ ಸ್ವಲ್ಪ ಹೊತ್ತಿಗೆ ಮತ್ತೆ ಬೀದಿ ಬಾಗಿಲ ಸದ್ದಾಯಿತು. ಅವನೇ.

“ಹೊಂಟಾವ ತಿರುಗಿ ಬಂದೇನೋ?” ಎಂದು ಅಜ್ಜಿ ಗಾಬರಿಯಾದಳು.

“ನೀರಡಿಕಿ ಆತು ಯವ್ವಾ. ಗೌರಿ, ಒಂದು ಚೊಂಬು ನೀರು ಕೊಡು.”

“ಕುಂತು ಕುಡಿ. ಕುಂತ ಹೋಗು.”

ನೀರು ಕೊಟ್ಟೆ. ಕಾಕಾ ಅಪ್ಪನ ಎದುರಿಗೇ ಕೂತು ಗುಟುಕು ಗುಟುಕಾಗಿ ಕುಡಿದ. ಕುಡಿಯುತ್ತಾ ಚೊಂಬಿನ ಅಂಚಿನ ಮೇಲಿಂದ ನನ್ನನ್ನು ನೋಡಿದ. ನಾನು ಮಾತಾಡಿಬಿಡುತ್ತೇನೆಂದು ಹೆದರಿದ್ದಾನೆ ಎಂದುಕೊಂಡೆ. ಆಣೆ ಮುರಿಯುವವಳಲ್ಲ ಎಂದು ತೋರಿಸಲು ನೆಲ ನೋಡುತ್ತಾ ನಿಂತೆ. ಅವನು ಚೊಂಬು ಕೆಳಗಿಟ್ಟ. ಮತ್ತೂ ಒಂದು ಗಳಿಗೆ ಕೂತ. ಆಮೇಲೆ ಎದ್ದು ಹೋದ. ಅವನು ಹೊಸ್ತಿಲು ದಾಟಿದ್ದೇ ತಡ, ಬೀದಿ ಬಾಗಿಲಿಗೆ ಓಡಿದೆ. ಅವನ ಬೆನ್ನು ಕಾಣುತ್ತಿತ್ತು, ಹತ್ತು ಮಾರು ದೂರವೂ ಇರಲಿಲ್ಲ. ‘ಕಾಕಾ’ ಎಂಬುದು ಗಂಟಲಿಗೆ ಬಂದಿತ್ತು. ಹಿಂದಿನಿಂದ ಕೂಗಬಾರದು. ಇಂಥ ದಿನ ಕೂಗಿ ಅವನಿಗೆ ಏನಾದರೂ ಆದರೆ? ಬಾಯಿಗೆ ಕೈ ಅಡ್ಡ ಹಿಡಿದು ನಿಂತೆ. ಅವನಿಗೆ ಕೆಡುಕಾಗಬಾರದು ಎಂದೇ ಕೂಗಲಿಲ್ಲ, ಮಕ್ಕಳೇ. ಇದನ್ನು ನೀವು ನಂಬಬೇಕು.

ಆಟ ಗೆದ್ದರು. ಕೊನೆಯ ಓವರಿನಲ್ಲಿ ಎದುರಿನವರಿಗೆ ಐದು ರನ್ನು ಬೇಕಿತ್ತಂತೆ. ಕಾಕಾ ನಾಲ್ಕು ಚೆಂಡಿಗೆ ಎರಡೇ ರನ್ನು ಕೊಟ್ಟ. ಐದನೆಯದನ್ನು ಎಸೆದವನು ಅಲ್ಲೇ ಮೊಣಕಾಲೂರಿದ. ನಾಯಕ ಓಡಿ ಬಂದರೆ ಕೈಯಾಡಿಸಿ ಕಳಿಸಿದ. ಎದ್ದು ಆರನೆಯದನ್ನೂ ಹಾಕಿದ. ಚೆಂಡು ನೇರ ಹೋಗಿ ಬಡಿದು ವಿಕೆಟ್ಟು ಹಾರಿತು. ಜನ ನುಗ್ಗಿ ಅವನನ್ನು ಎತ್ತಿಕೊಂಡರು, ಎತ್ತುವಾಗ ಅದೇ ತೋಳನ್ನು ಹಿಡಿದೆಳೆದರು. ಸಂಜೆ ಅಪ್ಪ ಅವನನ್ನು ಕರೆತಂದಾಗ ಕೊರಳಲ್ಲಿ ಹೂವಿನ ಹಾರ, ಹಾರದ ಕೆಳಗೆ ಟವೆಲಿನಲ್ಲಿ ಕಟ್ಟಿ ನೇತುಹಾಕಿದ ಕೈ. ಅವ್ವ ಆರತಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದವಳು ಹಾಗೇ ನಿಂತಳು.

ಅಪ್ಪನಿಗೆ ಯಾರೋ ಕೆಂಚನಗುಡ್ಡದ ಮುದುಕನ ಹೆಸರನ್ನೇ ಹೇಳಿದರು. ಅಪ್ಪ ಅವನನ್ನು ಮನೆಗೇ ಕರೆಸಿದ. ಮುದುಕ ತೋಳು ಮುಟ್ಟುವ ಮೊದಲೇ ಕಾಕಾನ ಮುಖ ನೋಡಿ ತಲೆ ಕೊಡವಿದ.

“ಅವತ್ತ ಹೇಳಿದ್ದೆ. ಈ ಹುಡುಗಿನೂ ಬಾಜೂಕ ಕುಂತಿತ್ತು, ಕೇಳ್ರಿ ಬೇಕಾರ.”

ಪಡಸಾಲೆಯಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಅವ್ವನ ಮುಖ ಬಿಳುಚಿತು.

“ಚಲೋ ಐತಿ ಅಂದಿದ್ದೆಲ್ಲಲೇ ನೀನು? ನನ್ನ ಮುಂದ ನಿಂತು ಅಂದಿದ್ದಿ!” ಎಂದವಳು ನನ್ನ ಬೆನ್ನಿಗೆ ಒಂದು ಗುದ್ದು ಹಾಕಿ, ತಾನೇ ಗೋಡೆಗೊರಗಿ ಅಳತೊಡಗಿದಳು.

“ಬೆಲ್ಲ ಕೊಟ್ರೂ ಬಾಯಿ ಬಿಡಂಗಿಲ್ಲ ಅಂತ ನಗತಿದ್ದೆ. ಇದಕ್ಕೂ ಬಿಡಬಾರದಿತ್ತೇನ?” ಎಂದಳು ಅಜ್ಜಿ.

“ಅತ್ತಿಗಿ, ಅಕಿಗೆ ಹೊಡಿಬ್ಯಾಡ. ನಾನ ಆಣಿ ಮಾಡಿಸಿಕೊಂಡಿದ್ದೆ” ಎಂದ ಕಾಕಾ. ಅಪ್ಪ ಮಾತ್ರ ಎತ್ತಿಗೆ ಮೇವು ಹಾಕಲು ಇಳಿದುಹೋದ. ಆ ತಿಂಗಳು ಅವನು ನನ್ನ ಹೆಸರು ಹಿಡಿದು ಕರೆಯಲಿಲ್ಲ.

ಮಿಲ್ಲಿನವರು ಮೂರು ತಿಂಗಳು ಕಾದರು. ತೂಕದ ಕಲ್ಲು ಎತ್ತಲಾಗದವನನ್ನು ಯಾರು ಕಾಯಂ ಮಾಡಿಯಾರು? ಸಾಹುಕಾರರು ಮನೆಗೆ ಹಣ್ಣು ಕಳಿಸಿ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಮೋಕದವರು ಹೇಳಿ ಕಳಿಸಲೂ ಇಲ್ಲ, ಆ ಹುಡುಗಿಯ ಮದುವೆಯ ಸುದ್ದಿ ಸಂತೆಯಲ್ಲಿ ಅವ್ವನ ಕಿವಿಗೆ ಬಿತ್ತು. ಜೋಳದ ಚೀಲಗಳು ಇದ್ದಲ್ಲೇ ಉಳಿದವು.

ಕಾಕಾ ಆಟ ಬಿಡಲಿಲ್ಲ. ವರ್ಷ ಕಳೆದ ಮೇಲೆ ಮತ್ತೆ ಹಿತ್ತಲಿಗೆ ಇಳಿದ. ಕೈ ಕಿವಿಯ ಮಟ್ಟಕ್ಕೆ ಏರುತ್ತಿರಲಿಲ್ಲ. ಹೆಗಲ ನೇರಕ್ಕೇ ಬೀಸಿ, ಹುಣಸೆಕಾಯಿ ಉದುರಿಸುವವನಂತೆ ಎಸೆಯುತ್ತಿದ್ದ. ವೇಗ ಹೋಗಿತ್ತು, ಗುರಿ ಹೋಗಿರಲಿಲ್ಲ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಚೀಲ ಬರೆದುಕೊಳ್ಳುವ ಕೆಲಸ ಸಿಕ್ಕಿತು, ಗಿರಣಿಯವರ ತಂಡದಲ್ಲಿ ಆಡಿದ. ಆ ತಂಡ ಒಡೆದಾಗ ಇನ್ನೊಂದು, ಅದೂ ಬೇಡವೆಂದಾಗ ಮತ್ತೊಂದು. ಇಪ್ಪತ್ತು ವರ್ಷ. ತಲೆ ನೆರೆತರೂ, ಜೊತೆಯ ಹುಡುಗರು ಅವನ ಅರ್ಧ ವಯಸ್ಸಿನವರಾದರೂ ಎಲ್ಲ ನಾಯಕರೂ ಅವನನ್ನು ಕೊನೆಗೇ ಇಟ್ಟುಕೊಂಡರು. ನಾನು ಸಿರುಗುಪ್ಪಕ್ಕೆ ಮದುವೆಯಾಗಿ ಬಂದ ಮೇಲೆ ಭಾನುವಾರದ ಊಟ ನಮ್ಮ ಮನೆಯಲ್ಲೇ. ಎಡಗೈಯಲ್ಲಿ ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದ. ನೆಂಟರು ಬಂದ ದಿನ ಮಾತ್ರ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ.

ಅವನ ಕೊನೆಯ ಆಟಕ್ಕೆ ನಿಮ್ಮ ತಾತ ನನ್ನನ್ನೂ ಕರೆದೊಯ್ದರು. ಅವನ ಆಟವನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ. ಹಿರಿಯನೆಂಬ ಗೌರವಕ್ಕೆ ನಾಯಕ ಹುಡುಗ ಹೊಸ ಚೆಂಡನ್ನು ತಂದು ಅವನ ಕೈಯಲ್ಲಿಟ್ಟ. ಕಾಕಾ ಅದನ್ನು ತಿರುಗಿಸಿ ನೋಡಿದ. ಅಂಗಿಗೆ ಉಜ್ಜಿದ. ಮೂಗಿನ ಹತ್ತಿರ ಹಿಡಿದ. ಆಮೇಲೆ ನಗುತ್ತಾ ವಾಪಸು ಕೊಟ್ಟು ಏನೋ ಹೇಳಿ ಬೌಂಡರಿಯ ಕಡೆ ನಡೆದ. ಏನು ಹೇಳಿದನೆಂದು ಮುಂದಿನ ಭಾನುವಾರ ಊಟಕ್ಕೆ ಬಡಿಸುತ್ತಾ ಕೇಳಿದೆ.

“ಇದು ಬೀಸಾಕ ತೋಳು ಬೇಕಪ್ಪ, ಹಳೇದಾದ ಮ್ಯಾಲ ಕೊಡು ಅಂದೆ” ಎಂದ. ಒಂದೆರಡು ತುತ್ತು ಉಂಡು ತಟ್ಟೆಯನ್ನೇ ನೋಡುತ್ತಾ ಮತ್ತೆ ಮಾತು ತೆಗೆದ.

“ಗೌರಿ, ಅವತ್ತು ಬಸ್ಸಿಗೆ ಹೊಂಟಾವ ತಿರುಗಿ ಬಂದಿದ್ದೆ ನೋಡು, ನೀರು ಕೇಳಾಕ.”

“ಹೂಂ.”

“ನನಗ ನೀರಡಿಕಿ ಆಗಿದ್ದಿಲ್ಲವ್ವ. ನೀ ಹೇಳಿಬಿಡತಿ ಅನ್ನೂ ಆಸಿಗೆ ಬಂದಿದ್ದೆ. ಗೆಲ್ಲಸ್ತೀನಿ ಅಂತ ಎಲ್ಲಾರ ಮುಂದ ಅಂದು, ನಾನ ಕೈಲಾಗಂಗಿಲ್ಲ ಅನ್ನಾಕ ನಾಚಿಕಿ. ನಿನ್ನ ಬಾಯಿಂದ ಬಂದಿದ್ರ ಅಣ್ಣ ಬ್ಯಾಡ ಅಂತಿದ್ದ. ನಾ ಸುಮ್ಮನ ಕುಂದರತಿದ್ದೆ.”

ದೂರಿನ ಧ್ವನಿ ಅಲ್ಲ. ಯಾರದೋ ತಮಾಷೆ ಹೇಳಿದಂತೆ ಹೇಳಿದ. ಬೀದಿ ಬಾಗಿಲವರೆಗೆ ಓಡಿ ಬಂದಿದ್ದೆ ಕಾಕಾ, ಕೂಗು ಗಂಟಲಲ್ಲಿತ್ತು ಎಂದು ಹೇಳಬೇಕಿತ್ತು. ಅಷ್ಟೇ ಹೇಳಿದ್ದರೆ ಸಾಕಿತ್ತು. ಅವನು ಕಾಯುತ್ತಿದ್ದ, ಅದು ಈ ಸಲ ನನಗೆ ತಿಳಿದಿತ್ತು ಕೂಡ.

“ಇನ್ನಷ್ಟು ಸಾರು ಹಾಕಲೇನು ಕಾಕಾ?” ಎಂದೆ.

“ಸಾಕವ್ವ” ಎಂದು ಕೈ ತೊಳೆಯಲು ಎದ್ದ.

ಆಮೇಲೂ ಒಂಬತ್ತು ವರ್ಷ ಬದುಕಿದ್ದ. ಒಂದು ಭಾನುವಾರವೂ ತಪ್ಪದೆ ಬಂದ. ನಾನು ಪ್ರತಿ ಸಲವೂ ಎದುರಿಗೆ ಕೂತು ಬಡಿಸಿದೆ. ಅವನು ಉಂಡು, ನನ್ನ ಮುಖ ಒಮ್ಮೆ ನೋಡಿ, ಎದ್ದು ಹೋಗುತ್ತಿದ್ದ.